ಬೀಜ ಆರಿಸಿಕೊಟ್ಟ ಕಾಕು

ಇಳಕಲ್ ಸೀರೆಯ ನೆರಿಗೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಮಗನ ಕಪ್ಪು ಗಂಬೂಟು ಏರಿಸಿಕೊಂಡು ಅವರು ಅಂಗಳದ ಹುಲ್ಲಿನ ಮೇಲೆ ನಡೆದು ಬರುತ್ತಿದ್ದರೆ ಬೂಟು ಒಂದು ಕಡೆ ಹೋಗುತ್ತಿತ್ತು, ಕಾಲು ಇನ್ನೊಂದು ಕಡೆ. ಮಗನದು ದೊಡ್ಡ ಪಾದ, ಅವರದು ಚಿಕ್ಕದು. ಬೂಟಿನ ತುದಿಗೆ ಹಳೆಯ ಕಾಲುಚೀಲ ತುರುಕಿಕೊಂಡಿದ್ದರು. ಹಣೆಗೆ ವಿಭೂತಿ, ತಲೆಗೆ ಮೊಮ್ಮಗಳ ಗುಲಾಬಿ ಬಣ್ಣದ ಉಲ್ಲನ್ ಟೋಪಿ. ಈ ವೇಷದಲ್ಲಿ ನಾವಿದ್ದ ಪಾಪಟೋಟೊಯಿ ಬಡಾವಣೆಯ ರಸ್ತೆಗೆ ಇಳಿದರೆ ಕಾರಿನಲ್ಲಿ ಹೋಗುವವರು ನಿಧಾನ ಮಾಡಿ ನೋಡುತ್ತಿದ್ದರು. ನನಗೆ ಮುಜುಗರ. ಅವರಿಗೆ ಮಾತ್ರ ಖುಷಿಯೋ ಖುಷಿ.

"ನೋಡಲಿ ಬಿಡವಾ. ನೋಡೂಹಂಗ ಇದ್ದೇನಿ, ಅದಕ್ಕ ನೋಡತಾರ," ಅನ್ನುತ್ತಿದ್ದರು.

ಅವರು ನಮ್ಮ ಪಕ್ಕದ ಮನೆಯವರು. ಗದಗಿನ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಇರಲು ನ್ಯೂಜಿಲೆಂಡಿಗೆ ಬಂದಿದ್ದರು. ಮಗ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್, ಪಾಳಿಯ ಕೆಲಸ. ನಾನು ಮೈಸೂರಿನವಳು. ಎರಡು ಸಾವಿರದ ಐದನೇ ಇಸವಿಯ ಆಚೀಚೆ ನಾನೂ ನನ್ನ ಗಂಡನೂ ಅವರ ಪಕ್ಕದ ಬಾಡಿಗೆ ಮನೆಗೆ ಬಂದೆವು. ಗಂಡನಿಗೆ ಪಟ್ಟಣದಲ್ಲಿ ಸಾಫ್ಟ್‌ವೇರ್ ಕೆಲಸ, ನನಗೆ ಏರ್‌ಪೋರ್ಟ್ ಹತ್ತಿರದ ಸರಕು ಸಾಗಣೆಯ ಆಫೀಸಿನಲ್ಲಿ ಅರ್ಧ ದಿನದ ಕೆಲಸ. ಮೊದಲ ಸಲ ಬೇಲಿಯ ಮೇಲಿಂದ ನೋಡಿ "ನಮಸ್ಕಾರ ಆಂಟಿ" ಅಂದೆ. ಅವರ ಮುಖ ಗಂಟಾಯಿತು.

"ಆಂಟಿ ಅನಬ್ಯಾಡ. ಇಲ್ಲಿ ಅಂಗಡಿಗೆ ಹೋಗಿ ಆಂಟಿ ಅಂತ ಕರದ್ರ ಎಂಟ ಮಂದಿ ತಿರುಗಿ ನೋಡತಾರ. ಕಾಕು ಅನ್ನು. ತಿರುಗಿ ನೋಡಾಕಿ ನಾ ಒಬ್ಬಾಕಿನ ಇರತೇನಿ."

ಅವರ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ; ಅವತ್ತಿನಿಂದ ಅವರು ನನಗೂ ಕಾಕು. ನನಗೆ ಅವರಿಟ್ಟ ಹೆಸರು 'ಮೈಸೂರವ್ವ'. ನನ್ನ ಮಾತಿನ ನಯ, ನನ್ನ ಸಾರಿನ ಬೆಲ್ಲ, ಬಾಗಿಲು ತಟ್ಟಿ "ತೊಂದರೆ ಆಯ್ತಾ?" ಅಂತ ಕೇಳುವ ನನ್ನ ಅಭ್ಯಾಸ, ಮೂರೂ ಅವರಿಗೆ ತಮಾಷೆ. ಅವರಿಗೆ ತಮ್ಮ ಬಗ್ಗೆ ಸ್ವಲ್ಪವೂ ಸಂಕೋಚ ಇರಲಿಲ್ಲ. ರೊಟ್ಟಿ ತಟ್ಟಿದರೆ "ಇಂಥಾ ರೊಟ್ಟಿ ಈ ದೇಶದಾಗ ಯಾರೂ ಬಡಿಯಂಗಿಲ್ಲ" ಎಂದು ತಾವೇ ಹೇಳಿಕೊಳ್ಳುವರು. ಮೊದಮೊದಲು ನನಗೆ ಇದು ಜಂಬ ಅನ್ನಿಸಿತ್ತು. ರೊಟ್ಟಿ ತಿಂದ ಮೇಲೆ ಬಾಯಿ ಮುಚ್ಚಿಕೊಂಡೆ.

ನಾನೋ, ಆ ದಿನಗಳಲ್ಲಿ ಎಲ್ಲದಕ್ಕೂ ಹೆದರುತ್ತಿದ್ದವಳು. ಒಗ್ಗರಣೆ ಹಾಕುವ ಮುಂಚೆ ಕಿಟಕಿ ಮುಚ್ಚುತ್ತಿದ್ದೆ, ವಾಸನೆಗೆ ಯಾರಾದರೂ ದೂರು ಕೊಟ್ಟಾರೆಂದು. ಮೂರು ತಿಂಗಳಿಗೊಮ್ಮೆ ಬಾಡಿಗೆ ಮನೆಯನ್ನು ನೋಡಿಕೊಳ್ಳುವ ಏಜೆಂಟ್ ಹೆಂಗಸು ತಪಾಸಣೆಗೆ ಬರುತ್ತಿದ್ದಳು. ಅವಳು ಬರುವ ಹಿಂದಿನ ದಿನ ನಾನು ಸ್ನಾನದ ಮನೆಯ ಟೈಲ್ಸನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಈ ದೇಶದಲ್ಲಿ ಕಾಯಂ ನೆಲೆಸಲು ಬೇಕಾದ ರೆಸಿಡೆನ್ಸಿಗೆ ನಮ್ಮ ಅರ್ಜಿ ಆಗಷ್ಟೇ ಹೋಗಿತ್ತು. ಅದು ಸಿಗುವ ತನಕ ಯಾರ ಬಾಯಲ್ಲೂ ನಮ್ಮ ಹೆಸರು ಬರಬಾರದು ಎನ್ನುವುದೇ ನನ್ನ ಗುರಿಯಾಗಿತ್ತು.

ತೋಟ ಮಾಡಬೇಕೆಂಬ ಆಸೆ ಹುಟ್ಟಿದ್ದು ಕಾಕುವಿನ ಅಂಗಳ ನೋಡಿ. ಎಲ್ಲರೂ ಮನೆಯ ಹಿಂದೆ ತರಕಾರಿ ಬೆಳೆದರೆ ಅವರು ಮುಂದೆ ಬೆಳೆಯುತ್ತಿದ್ದರು. ಗುಲಾಬಿ ಇರಬೇಕಾದ ಕಡೆ ಮೆಂತ್ಯ, ರಾಜಗಿರಿ, ಹಸಿಮೆಣಸಿನಕಾಯಿ. ರಸ್ತೆಯ ಪಕ್ಕದಲ್ಲೇ ಎದೆಯೆತ್ತರಕ್ಕೆ ಪುಂಡಿ. ಮೈಸೂರಿನ ನನಗೆ ಪುಂಡಿ ಸೊಪ್ಪು ಗೊತ್ತಿರಲಿಲ್ಲ. ಹುಳಿಯಾದ ಎಲೆ, ಬೇಳೆ ಮತ್ತು ಜೋಳದ ನುಚ್ಚಿನ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದೇ ಪುಂಡಿ ಪಲ್ಯ. ಬಿಸಿ ರೊಟ್ಟಿಯ ಮೇಲೆ ಹಾಕಿ, ಮೇಲೆ ಹಸಿ ಎಣ್ಣೆ ಬಿಟ್ಟು ಕೊಟ್ಟರು. ತಿಂದವಳು ಅವತ್ತೇ ನಿರ್ಧಾರ ಮಾಡಿದೆ, ನಾನೂ ಬೆಳೆಯುತ್ತೇನೆ ಎಂದು.

ಶುರುವಿನಲ್ಲೇ ಒಂದು ಸೋಲು ಕಂಡೆ. ಇಲ್ಲಿ ಚಳಿಗಾಲ ಮುಗಿಯುವ ಸೆಪ್ಟೆಂಬರಿನ ಮೊದಲ ಬಿಸಿಲಿಗೇ ಮರುಳಾಗಿ ಅಂಗಡಿಗೆ ಹೋಗಿ, ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ತಂದಿದ್ದೆ. ಕಲ್ಲಂಗಡಿ, ಅಡಿ ಉದ್ದದ ಬದನೆ, ಹಳದಿ ಬಣ್ಣದ ಯಾವುದೋ ಟೊಮೆಟೊ. ಮೊಳಕೆ ಬಂದದ್ದೆಲ್ಲ ಚಳಿಗೆ ಮುದುಡಿ ಸತ್ತಿತು. ಕಾಕು ಖಾಲಿ ಪೊಟ್ಟಣಗಳನ್ನು ತಿರುವಿ ನೋಡಿ ನಕ್ಕರು.

"ಚಿತ್ರಾ ನೋಡಿ ಬೀಜ ತಗೊಳ್ಳೂದು, ಫೋಟೋ ನೋಡಿ ಗಂಡನ್ನ ಮಾಡಿಕೊಂಡಂಗ."

"ನಿಮ್ಮದು ಹೇಗಾಯ್ತು ಕಾಕು?"

"ಹಂಗ ಆತು. ಅದಕ್ಕ ಹೇಳಾಕತ್ತೇನಿ."

ಅಕ್ಟೋಬರ್ ಕೊನೆಗೆ ನನ್ನನ್ನು ಶನಿವಾರದ ಸಂತೆಗೆ ಕರೆದುಕೊಂಡು ಹೋದರು. ಅಲ್ಲಿ ಫಿಜಿಯಿಂದ ಬಂದು ನೆಲೆಸಿದ ಭಾರತೀಯ ಮೂಲದ ಅಜ್ಜಿಯೊಬ್ಬರು ಸೊಪ್ಪಿನ ಜೊತೆ ತಮ್ಮ ತೋಟದ ಬೀಜಗಳನ್ನೂ ಮಾರುತ್ತಿದ್ದರು. ಅವರ ಹತ್ತಿರ ಮೂರು ಥರದ ಪುಂಡಿ. ಅವರು ಹಿಂದಿಯಲ್ಲಿ, ಕಾಕು ಗದಗಿನ ಹಿಂದಿಯಲ್ಲಿ, ಇಬ್ಬರೂ ಜಗಳವಾಡಿದಂತೆ ಮಾತಾಡಿದ ಮೇಲೆ ಕಾಕು ಮೂರನ್ನೂ ಕೊಂಡರು. ಕಾಕು ಹಿಂದಿನ ಎರಡು ಬೇಸಿಗೆಯಲ್ಲಿ ಮೂರನ್ನೂ ಬೆಳೆದು ನೋಡಿದ್ದರಂತೆ. ಆದರೂ ನನಗೆ ನೇರವಾಗಿ ಹೇಳಲಿಲ್ಲ. ಟೀಚರಲ್ಲವೇ, ಮೊದಲು ನನ್ನಿಂದ ಉತ್ತರ ಹೇಳಿಸಬೇಕು. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಬೀಜಗಳನ್ನು ಮೂರು ಬಟ್ಟಲಲ್ಲಿ ಹಾಕಿಟ್ಟರು.

"ಹೇಳು. ಯಾವ್ದು ಬೇಕು?"

"ಯಾವುದು ತುಂಬಾ ರುಚಿಯೋ ಅದು," ಅಂದೆ.

"ತಪ್ಪು. ಹೊಸದಾಗಿ ಬೆಳಿಯಾವ್ರು ಮೊದಲ ರುಚಿ ಕೇಳಬಾರದು. ಇಲ್ಲಿ ಬ್ಯಾಸಗಿ ಎಷ್ಟ ಉದ್ದ ಐತಿ ಅಂತ ಕೇಳಬೇಕು."

ಆಮೇಲೆ ಒಂದೊಂದನ್ನೇ ವಿವರಿಸಿದರು. ಮೊದಲನೆಯದು ಕೆಂಪು ಕಡ್ಡಿಯದು. ಹುಳಿ ಭರ್ಜರಿ, ಆದರೆ ಸೋಮಾರಿ. ಕಾವು ಬಹಳ ದಿನ ಬೇಕು, ಇಲ್ಲಿಯ ಬೇಸಿಗೆ ಅದು ಕಣ್ಣು ಬಿಡುವ ಹೊತ್ತಿಗೆ ಮುಗಿದಿರುತ್ತದೆ. ಎರಡನೆಯದು ದುಂಡು ಎಲೆಯದು. ಚೆನ್ನಾಗಿ ಬರುತ್ತದೆ, ನೋಡಲು ಲಕ್ಷಣ, ಬಾಯಿಗೆ ಇಟ್ಟರೆ ಸಪ್ಪೆ. "ನಿಮ್ಮ ಊರಿನ ಮಂದಿ ಇದ್ದಂಗ," ಅಂದರು, ನಾನು ಮುನಿಸಿಕೊಳ್ಳುತ್ತೇನೋ ಎಂದು ಓರೆಗಣ್ಣಲ್ಲಿ ನೋಡುತ್ತ. ಮೂರನೆಯದು ಹಸಿರು ಕಡ್ಡಿಯದು, ಬೆರಳು ಬಿಡಿಸಿಟ್ಟ ಹಾಗೆ ಸೀಳಿದ ಎಲೆ. ಬೇಗ ಏಳುತ್ತದೆ, ಗಾಳಿಗೆ ಜಗ್ಗುವುದಿಲ್ಲ, ಕುಡಿ ಚಿವುಟಿದಷ್ಟೂ ಚಿಗುರುತ್ತದೆ, ಹುಳಿಯೂ ತಕ್ಕಮಟ್ಟಿಗೆ ಇದೆ.

"ಇದನ್ನ ಹಾಕು. ನೀ ಎರಡು ದಿನ ನೀರ ಹಾಕೂದು ಮರತರೂ ಸಿಟ್ಟಾಗಂಗಿಲ್ಲ. ತಪ್ಪ ಮಾಡಿದ್ರೂ ಕ್ಷಮಾ ಮಾಡೂ ಜಾತಿ ಇದು. ಹೊಸಬರಿಗೆ ಅಂಥಾದ್ದ ಬೇಕು. ಮುಂದಿನ ವರ್ಷ ಕೈ ಪಳಗಿದ ಮ್ಯಾಲ ಕೆಂಪು ಕಡ್ಡಿ ತಗೊಳ್ಳೂವಂತಿ."

ಕಿಟಕಿಯ ಹತ್ತಿರ ಮೊಸರಿನ ಡಬ್ಬಿಗಳಲ್ಲಿ ಮೊಳಕೆ ಬರಿಸಿ, ನೆಲ ಬೆಚ್ಚಗಾದ ಮೇಲೆ ಗ್ಯಾರೇಜಿನ ಹಿಂದಿನ ಬಿಸಿಲಿನ ಮೂಲೆಯಲ್ಲಿ ನೆಟ್ಟೆ. ಕಾಕು ಹೇಳಿದಂತೆ ಕುಡಿ ಚಿವುಟಿದೆ, ಕೊಟ್ಟಿಗೆ ಗೊಬ್ಬರದ ಮೂಟೆ ತಂದು ಸುರಿದೆ. ಜನವರಿ ಹೊತ್ತಿಗೆ ಗಿಡಗಳು ನನ್ನ ಭುಜ ದಾಟಿದ್ದವು. ನನ್ನ ಕೈಯಲ್ಲಿ ಹುಟ್ಟಿದ ಮೊದಲ ಬೆಳೆ. ಆಫೀಸಿನಿಂದ ಬಂದವಳು ಚಪ್ಪಲಿ ಕಳಚುವ ಮೊದಲು ಅಲ್ಲಿಗೆ ಓಡುತ್ತಿದ್ದೆ. ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ಖುಷಿಪಟ್ಟು, ಕೊನೆಗೆ ತಮ್ಮ ಆತಂಕವನ್ನೂ ಸೇರಿಸಿದರು.

"ಅಷ್ಟು ಚೆನ್ನಾಗಿ ಬಂದಿದ್ಯಾ? ದೃಷ್ಟಿ ಬೀಳುತ್ತೆ ಕಣೇ. ಏನಾದ್ರೂ ಮರೆ ಮಾಡು."

ಹೆದರುಪುಕ್ಕಲಿಗೆ ಅಷ್ಟು ಸಾಕಾಯಿತು. ನೆರಳಿಗೆ ಕಟ್ಟುವ ಕಪ್ಪು ಬಲೆಬಟ್ಟೆ ತಂದು ಮೂರು ಕಡೆ ಕಟ್ಟಿದೆ. ನಾಲ್ಕನೇ ಕಡೆಗೆ ಎರಡು ಹಳೆಯ ಸೀರೆ. ಮಧ್ಯದಲ್ಲಿ ಕೋಲು ನೆಟ್ಟು, ಗಡಿಗೆಗೆ ಮಸಿ ಬಳಿದು, ಸುಣ್ಣದ ಬೊಟ್ಟಿಟ್ಟು, ಕೋರೆಹಲ್ಲು ಬರೆದು ಬೋರಲು ಹಾಕಿದೆ. ಹೊರಗಿನಿಂದ ಒಂದು ಎಲೆಯೂ ಕಾಣುತ್ತಿರಲಿಲ್ಲ. ಕಾಕು ಬಂದು ಸೀರೆ ಸರಿಸಿ ನೋಡಿದರು.

"ಏನಿದು? ಬಾಣಂತಿ ಕ್ವಾಣಿ ಮಾಡೀಯೇನು?"

"ದೃಷ್ಟಿ ಆಗಬಾರದಲ್ವಾ ಕಾಕು."

"ಬೆಳದದ್ದನ್ನ ಮುಚ್ಚಿಡೂದ್ಯಾಕ? ನಾಲ್ಕ ಮಂದಿ ನೋಡಲಿ, ಹೊಟ್ಟಿ ಉರಕೊಳ್ಳಲಿ. ನಂದು ನೋಡು, ರಸ್ತಾದಾಗ ನಿಂತೈತಿ. ಪೋಸ್ಟಿನಾಂವ ದಿನಾ ಸೊಪ್ಪ ಒಯ್ಯತಾನ."

ಅದು ನಿಜ. ಅಂಚೆಯವನಿಗೆ, ಸಮೋವಾ ದ್ವೀಪದಿಂದ ಬಂದಿದ್ದ ಎದುರು ಮನೆಯ ಮುದುಕರಿಗೆ, ಮೊಮ್ಮಗಳ ಶಾಲೆಯ ಟೀಚರಿಗೆ, ಬೇಕೋ ಬೇಡವೋ ಕೇಳದೆ ಒಂದೊಂದು ಕಟ್ಟು ಪುಂಡಿ ಹಂಚುತ್ತಿದ್ದರು. ನಾನು ನಕ್ಕೆ, ಪರದೆ ಮಾತ್ರ ತೆಗೆಯಲಿಲ್ಲ.

ಫೆಬ್ರವರಿಯಲ್ಲಿ ಏಜೆಂಟ್ ಹೆಂಗಸು ತಪಾಸಣೆಗೆ ಬಂದಳು. ನಾನು ರಜೆ ಹಾಕಿ ಕಾದಿದ್ದೆ. ಒಳಗೆಲ್ಲ ನೋಡಿ "ಲವ್ಲಿ, ಲವ್ಲಿ" ಎಂದು ಟಿಕ್ ಹಾಕಿಕೊಂಡು ಹಿತ್ತಲಿಗೆ ಹೋದಳು. ಗ್ಯಾರೇಜಿನ ಹಿಂದೆ ಸೀರೆ ಸರಿಸಿದ ಸದ್ದು ಕೇಳಿಸಿತು. ಹೊರಗೆ ಬಂದವಳ ಮುಖದಲ್ಲಿ ನಗು ಇರಲಿಲ್ಲ, ಟಾಟಾ ಕೂಡ ಹೇಳದೆ ಕಾರು ಹತ್ತಿದಳು. ಸೀರೆಯ ಹಿಂದೆ ಕಸ ಗಿಸ ಇತ್ತೇನೋ ಎಂದುಕೊಂಡು ನಾನು ಹೋಗಿ ಮತ್ತೊಮ್ಮೆ ಗುಡಿಸಿ ಬಂದೆ.

ಮಧ್ಯಾಹ್ನ ಬಾಗಿಲು ತಟ್ಟಿದ್ದು ಪೊಲೀಸರು. ವಯಸ್ಸಾದ ಒಬ್ಬ ಅಧಿಕಾರಿ, ಜೊತೆಗೆ ಒಬ್ಬ ಯುವತಿ. ಗಂಡ ಪಟ್ಟಣದಲ್ಲಿದ್ದಾರೆ, ನಾನೊಬ್ಬಳೇ. ಮನೆಯ ಹಿಂದೆ ಗಾಂಜಾ ಬೆಳೆದಿದ್ದೇವೆಂದು ದೂರು ಬಂದಿದೆ, ನೋಡಬಹುದೇ ಎಂದು ಕೇಳಿದರು. ಗಾಂಜಾ ಎನ್ನುವ ಮಾತು ಕಿವಿಗೆ ಬಿದ್ದಾಗಲೇ ನನಗೆ ಹೊಳೆದದ್ದು. ರೈಲು ನಿಲ್ದಾಣದ ಹತ್ತಿರ ನಿಲ್ಲುವ ಹುಡುಗರ ಟೀಶರ್ಟಿನ ಮೇಲೆ ಒಂದು ಹಸಿರು ಎಲೆಯ ಚಿತ್ರವಿರುತ್ತಿತ್ತು, ಬೆರಳು ಬಿಡಿಸಿಟ್ಟ ಹಾಗೆ ಸೀಳಿದ ಎಲೆ. ದಿನಾ ನೋಡುತ್ತಿದ್ದೆ, ಯಾವತ್ತೂ ಯೋಚಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಅವರನ್ನು ಗ್ಯಾರೇಜಿನ ಹಿಂದಕ್ಕೆ ಕರೆದುಕೊಂಡು ಹೋದೆ.

ಅಧಿಕಾರಿ ಕಪ್ಪು ಬಟ್ಟೆ, ಸೀರೆ, ಕೋರೆಹಲ್ಲಿನ ಗಡಿಗೆ ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಇದನ್ನು ಯಾಕೆ ಮುಚ್ಚಿದ್ದೀರಿ?"

"ಜನರ ಕಣ್ಣಿಗೆ ಬೀಳಬಾರದು ಅಂತ," ಅಂದೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ದೃಷ್ಟಿಯನ್ನು ಅದಕ್ಕಿಂತ ಚೆನ್ನಾಗಿ ಹೇಳಲು ಆಗಲಿಲ್ಲ.

"ಯಾರ ಕಣ್ಣಿಗೆ?"

"ಎಲ್ಲರ ಕಣ್ಣಿಗೂ."

ಯುವತಿ ಅದನ್ನು ಬರೆದುಕೊಂಡಳು. ನಿಜ ಹೇಳಿ ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡಿದ್ದೆ. ಇದು ತಿನ್ನುವ ಸೊಪ್ಪು ಎಂದೆ, ಬೇಳೆ ಹಾಕಿ ಬೇಯಿಸುತ್ತೇವೆ ಎಂದೆ. ತಿನ್ನುತ್ತೀರಾ, ಎಷ್ಟು ದಿನಕ್ಕೊಮ್ಮೆ, ಬೀಜ ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಪ್ರಶ್ನೆಗಳು ಬಂದವು. ಯಾರು ಕೊಟ್ಟರು ಎನ್ನುವಲ್ಲಿ ನಾನು ನಿಂತುಬಿಟ್ಟೆ. ಕಾಕುವಿನ ರೆಸಿಡೆನ್ಸಿ ಕಾಗದವೂ ನಮ್ಮದರ ಹಾಗೆಯೇ ವಲಸೆ ಇಲಾಖೆಯ ಆಫೀಸಿನಲ್ಲಿ ಕಾಯುತ್ತಿತ್ತು. ಅವರ ಹೆಸರು ಹೇಗೆ ಹೇಳಲಿ? ನನ್ನ ಮೌನ ಅಧಿಕಾರಿಗೆ ಬೇರೆಯೇ ಥರ ಕಂಡಿರಬೇಕು. "ಮೇಡಂ, ಬೀಜ ಕೊಟ್ಟವರ ಹೆಸರು ಹೇಳದಿದ್ದರೆ ನಿಮಗೇ ಕಷ್ಟ," ಅಂದರು.

ಬೇಲಿಯ ಆಚೆಯಿಂದ ಮಾತು ಕೇಳಿಸಿತು. ಅವತ್ತು ಕಾಕುವಿನ ಮಗ ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿದ್ದರು. ಹಲಗೆಯ ಬೇಲಿ, ಎಲ್ಲವೂ ಕೇಳುತ್ತದೆ.

"ಅವ್ವಾ, ಒಳಗ ನಡಿ. ಅದು ಅವರ ಮನಿ, ಅವರ ಕೇಸು."

"ಬೀಜ ನಾ ಕೊಟ್ಟೇನಿ."

"ಕೊಟ್ಟೀದಿ, ಆತು. ನಿನ್ನ ಕಾಗದಾ ಇನ್ನೂ ಇಮಿಗ್ರೇಶನ್ನಿನ್ಯಾಗ ಐತಿ. ಪೊಲೀಸರ ಹಂತ್ಯಾಕ ನಿನ್ನ ಹೆಸರ ಹೋತಂದ್ರ ಮುಗೀತು. ಅಲ್ಲಿ ಗದಗಿನ್ಯಾಗ ಒಬ್ಬಾಕಿನ ಹೋಗಿ ಕೂಡತೀಯೇನು? ನಾ ಬ್ಯಾಡಂದ್ರ ಬ್ಯಾಡ!"

ಆಮೇಲೆ ಗಂಬೂಟಿನ ಸದ್ದು. ಬೇಲಿ ಹಾರಿ ಬರುವ ವಯಸ್ಸಲ್ಲ, ರಸ್ತೆಗೆ ಇಳಿದು, ಸುತ್ತಿಕೊಂಡು, ನಮ್ಮ ಗೇಟಿನಿಂದ ಬಂದರು. ಗುಲಾಬಿ ಟೋಪಿ, ಸೊಂಟಕ್ಕೆ ಸಿಕ್ಕಿಸಿದ ಸೀರೆ. ಬಂದವರೇ ನನ್ನ ಮತ್ತು ಪೊಲೀಸರ ನಡುವೆ ನಿಂತರು. ಗಣಿತ ಕಲಿಸುತ್ತಿದ್ದವರ ಬಿಡಿಬಿಡಿಯಾದ ಇಂಗ್ಲಿಷು ಅವರದು. ಅವರು ಹೇಳಿದ್ದು ಇಷ್ಟು: ಬೀಜ ಕೊಟ್ಟವಳು ನಾನು. ಮೂರು ಜಾತಿಯಲ್ಲಿ ಈ ಜಾತಿಯನ್ನೇ ಹಾಕು ಎಂದು ಆರಿಸಿಕೊಟ್ಟವಳೂ ನಾನು. ಈ ಹುಡುಗಿಗೆ ಏನೂ ಗೊತ್ತಿಲ್ಲ. ಮೊದಲು ನನ್ನ ಹೆಸರು ಬರೆದುಕೊಳ್ಳಿ.

ಬರೆದುಕೊಳ್ಳುವ ಯುವತಿಗೆ ಆ ಹೆಸರು ದಕ್ಕಲಿಲ್ಲ. ಕಾಕು ಒಂದೊಂದೇ ಅಕ್ಷರ ಹೇಳಿದರು. ತಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು. ಯುವತಿ ಬರೆದದ್ದನ್ನು ಇಣುಕಿ ನೋಡಿ, "ನೋ. ಡಬಲ್ ಡಿ," ಎಂದು ತಿದ್ದಿಸಿದರು. ಸ್ವಂತ ಹೆಸರನ್ನು ಪೊಲೀಸರಿಗೆ ಅಷ್ಟು ಶ್ರದ್ಧೆಯಿಂದ ಬರೆಸಿದವರನ್ನು ನಾನು ಆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನನಗೆ ಅಳು ಬಂತು. ಹೆದರಿಕೆಯ ಅಳು ಅಲ್ಲ ಅದು, ಅಷ್ಟು ಮಾತ್ರ ಆಗಲೇ ಗೊತ್ತಾಯಿತು.

ಹೆಸರು ಬರೆಸಿದ ಮೇಲೆ "ಕಮ್" ಎಂದು ಇಬ್ಬರನ್ನೂ ತಮ್ಮ ಮನೆಯ ಮುಂದಕ್ಕೆ ಕರೆದುಕೊಂಡು ಹೋದರು. ರಸ್ತೆಯ ಪಕ್ಕದಲ್ಲಿ ಅದೇ ಗಿಡ, ಅದೇ ಎಲೆ, ಪರದೆ ಇಲ್ಲ, ಬೇಲಿ ಇಲ್ಲ. ಎರಡು ವರ್ಷದಿಂದ ಇಲ್ಲೇ ನಿಂತಿದೆ, ನಿಮ್ಮ ಗಾಡಿಯೂ ಎಷ್ಟೋ ಸಲ ಇದರ ಮುಂದೆ ಹೋಗಿದೆ, ಕದ್ದು ಬೆಳೆಯುವವರು ಇಲ್ಲಿ ಬೆಳೆಯುತ್ತಾರೆಯೇ ಎಂದು ಕೇಳಿದರು. ಒಂದು ಕುಡಿ ಚಿವುಟಿ ತಾವು ಬಾಯಿಗೆ ಹಾಕಿಕೊಂಡು ಅಗಿದು, ಇನ್ನೊಂದನ್ನು ಅಧಿಕಾರಿಯ ಮುಂದೆ ಹಿಡಿದರು. ಅವರು ತಿನ್ನಲಿಲ್ಲ. ಎದುರು ಮನೆಯ ಸಮೋವನ್ ಮುದುಕರು ಬಾಗಿಲಿಗೆ ಬಂದು, ಅದು ಒಳ್ಳೆಯ ಸೊಪ್ಪು, ಮೀನಿಗೆ ಹಾಕುತ್ತೇವೆ ಎಂದು ಕೂಗಿ ಹೇಳಿದರು. ಅಧಿಕಾರಿಯ ಮುಖ ಸ್ವಲ್ಪ ಸಡಿಲವಾಯಿತು. ಆದರೂ ಕೆಲಸ ಕೆಲಸವೇ. ಎರಡೂ ಕಡೆಯಿಂದ ಎಲೆ, ಕಡ್ಡಿ ಕತ್ತರಿಸಿ ಚೀಲದಲ್ಲಿ ಹಾಕಿಕೊಂಡರು. ಗಿಡದ ವಿಷಯ ತಿಳಿದವರಿಗೆ ತೋರಿಸುತ್ತೇವೆ, ಅಲ್ಲಿಯವರೆಗೆ ಯಾರೂ ಕೀಳಬೇಡಿ ಎಂದು ಹೇಳಿ ಹೋದರು.

ಉತ್ತರ ಬರುವವರೆಗಿನ ದಿನಗಳು ನನಗೆ ಈಗಲೂ ಬೇಡ. ಏಜೆಂಟ್ ಕಡೆಯಿಂದ, ದೂರು ನಿಜವಾದರೆ ಮನೆ ಬಿಡಬೇಕಾಗುತ್ತದೆ ಎಂದು ಫೋನ್ ಬಂತು. ಗಂಡ ಊಟ ಬಿಟ್ಟರು. ಪಕ್ಕದ ಮನೆಯಲ್ಲಿ ಮಗ ತಾಯಿಯ ಜೊತೆ ಮಾತು ಬಿಟ್ಟರು, ನಮ್ಮ ಜೊತೆಯಂತೂ ಮೊದಲೇ ಬಿಟ್ಟಿದ್ದರು. ನಾನು ಒಂದು ಸಂಜೆ ಅವರ ಅಂಗಳಕ್ಕೆ ಹೋದೆ. ಕಾಕು ಹಸಿಮೆಣಸಿನಕಾಯಿ ಕೀಳುತ್ತಿದ್ದರು.

"ಕಾಕು, ನಿಮ್ಮ ಮಗ ಹೇಳೋದು ಸರಿ ಇದೆ. ನೀವು ಬರಬಾರದಿತ್ತು."

"ಅವ ಹೇಳಿದ್ದೂ ಸರಿ ಐತಿ. ನಾ ಮಾಡಿದ್ದೂ ಸರಿ ಐತಿ. ಎರಡೂ ಸರಿ ಇದ್ದಾಗ ಯಾವುದರ ಒಂದು ಮಾಡಬೇಕಲ್ಲವಾ, ಸುಮ್ನ ನಿಂದ್ರಾಕ ಬರೂದಿಲ್ಲ."

"ವಾಪಸ್ ಕಳಿಸಿಬಿಟ್ಟರೆ?"

ಅವರು ಕೀಳುವುದನ್ನು ಬಿಟ್ಟು ಮನೆಯ ಕಡೆ ತಿರುಗಿದರು. ಒಳಗೆ ಮೊಮ್ಮಗಳು ಟಿವಿಯ ಹಾಡಿಗೆ ಕುಣಿಯುವುದು ಗಾಜಿನ ಬಾಗಿಲಲ್ಲಿ ಕಾಣುತ್ತಿತ್ತು.

"ಆಕಿನ್ನ ಬಿಟ್ಟ ಇರೂದು ಆಗಂಗಿಲ್ಲ ನನಗ," ಅಂದರು. "ಅದು ಖರೆ. ಆದ್ರ ನಾ ಕೊಟ್ಟ ಬೀಜಕ್ಕ ನಾ ಹೂಂ ಅನ್ನದಿದ್ರ, ಆಕಿ ಮಗ್ಗಲ ಕುಂತು ಏನ ಕಲಸಲಿ? ಲೆಕ್ಕಾ ಕಲಸಲ್ಯಾ?"

ಅಷ್ಟು ಹೇಳಿ ಮೆಣಸಿನಕಾಯಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬೆನ್ನು ನೆಟ್ಟಗೇ ಇತ್ತು. ಆದರೆ ಅವತ್ತು ಅವರು ಟೋಪಿ ಹಾಕಿಕೊಳ್ಳುವುದನ್ನು ಮರೆತಿದ್ದರು.

ಮುಂದಿನ ವಾರ ಆ ಹಿರಿಯ ಅಧಿಕಾರಿ ತಾವೇ ಬಂದರು. ನೇರವಾಗಿ ಕಾಕುವಿನ ಬಾಗಿಲಿಗೆ ಹೋದರು. ನಾನೂ ಓಡಿದೆ. ಗಿಡ ದಾಸವಾಳದ ಬಳಗದ್ದು, ಗಾಂಜಾಕ್ಕೂ ಅದಕ್ಕೂ ಎಲೆಯ ಆಕಾರ ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ, ಕೇಸು ಇಲ್ಲ, ನಿಮಗೆ ತೊಂದರೆಯಾಯಿತು ಎಂದು ಟೋಪಿ ತೆಗೆದು ಹೇಳಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಕಾಕು ಮಾತ್ರ ಕೆಲಸ ಮುಗಿಯಿತು ಅಂದುಕೊಳ್ಳಲಿಲ್ಲ. ದೂರು ಕೊಟ್ಟವಳಿಗೆ ಈಗಲೇ, ಇಲ್ಲಿಂದಲೇ ಫೋನ್ ಮಾಡಿ ಹೇಳಿ ಎಂದು ಹಟ ಹಿಡಿದರು. ಅಧಿಕಾರಿ ನಗುತ್ತ ತಮ್ಮ ಫೋನ್ ತೆಗೆದರು. ಏಜೆಂಟ್ ಹೆಂಗಸು ಆ ಕಡೆಯಿಂದ ಏನು ಹೇಳಿದಳೋ, ಮನೆಯಂತೂ ಉಳಿಯಿತು. ಹೊರಡುವಾಗ ಅಧಿಕಾರಿಯ ತೋಳಲ್ಲಿ ಒಂದು ದೊಡ್ಡ ಕಟ್ಟು ಪುಂಡಿ ಇತ್ತು. ಸಮವಸ್ತ್ರ ಹಾಕಿದವರೊಬ್ಬರು ಆ ಸೊಪ್ಪು ಹಿಡಿದು ಪೊಲೀಸ್ ಗಾಡಿ ಹತ್ತುವುದನ್ನು ಇಡೀ ಬೀದಿ ನೋಡಿತು. ಕಾಕುವಿನ ಮುಖ ಅವತ್ತು ಎಷ್ಟು ಬೆಳಗಿತ್ತೆಂದರೆ, ಕಾಗದಗಳು ಆಗಲೇ ಬಂದಿವೆಯೇನೋ ಅನ್ನಬೇಕು.

ಅಧಿಕಾರಿಯ ಗಾಡಿ ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿದರು. "ಈಗ ಆ ಅರಿವಿ ಬಿಚ್ಚು," ಅಂದರು. ಇಬ್ಬರೂ ಸೇರಿ ಕಪ್ಪು ಬಟ್ಟೆ, ಸೀರೆ ಎಲ್ಲ ಬಿಚ್ಚಿದೆವು. ಅವತ್ತು ರಾತ್ರಿಯ ಅಡುಗೆಗೆ ನಾನು ಮೊದಲ ಸಲ ಕಿಟಕಿ ತೆರೆದಿಟ್ಟು ಒಗ್ಗರಣೆ ಹಾಕಿದೆ.

ಅವರ ಕಾಗದ ಆ ವರ್ಷವೇ ಬಂತು. ನಮ್ಮದು ಸ್ವಲ್ಪ ತಡವಾಗಿ. ಮಗ ಮತ್ತೆ ಮಾತಾಡಿದರು, ನಮ್ಮ ಜೊತೆಯೂ. ಆದರೆ ಪೊಲೀಸರ ವಿಷಯ ಮಾತ್ರ ಆ ಮನೆಯಲ್ಲಿ ಯಾರೂ ಎತ್ತಬಾರದು. ಎತ್ತಿದರೆ ಮಗ ಎದ್ದು ಹೋಗುತ್ತಿದ್ದರು. ಅವಮಾನ ಎನ್ನಿಸಿತ್ತೋ, ಇನ್ನೇನೋ, ನನಗೆ ಆಗ ತಿಳಿಯಲಿಲ್ಲ. ಮೊಮ್ಮಗಳಿಗೆ ಗೊತ್ತಾಗಬಾರದೆಂದು ಕಾಕುವಿನಿಂದಲೂ ಮಾತು ತೆಗೆದುಕೊಂಡಿದ್ದರಂತೆ. ತಮ್ಮ ಬಗ್ಗೆ ಎಲ್ಲವನ್ನೂ ಹೇಳಿಕೊಳ್ಳುವ ಕಾಕು, ಹೇಳಿಕೊಳ್ಳಲು ಎಲ್ಲಕ್ಕಿಂತ ಯೋಗ್ಯವಾದ ಆ ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಗಂಡನಿಗೆ ವೆಲಿಂಗ್ಟನ್ನಿನಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಯ ಜಾನ್ಸನ್‌ವಿಲ್ ಬಡಾವಣೆಗೆ ಹೋದೆವು. ಅಲ್ಲಿ ಗಾಳಿ ಮನುಷ್ಯರನ್ನೇ ನಿಲ್ಲಗೊಡುವುದಿಲ್ಲ. ಪುಂಡಿ ಹಾಕುತ್ತೇನೆಂದು ಫೋನ್ ಮಾಡಿದೆ. ಕಾಕು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿಗೆ ಅಡ್ಡ ಏನಿದೆ, ಮುಂಜಾನೆ ನೆಲ ಮುಟ್ಟಿದರೆ ತಣ್ಣಗಿರುತ್ತದೆಯೋ ಬೆಚ್ಚಗಿರುತ್ತದೆಯೋ. ಎಲ್ಲ ಕೇಳಿ, "ಪುಂಡಿ ಬ್ಯಾಡ. ಮೆಂತೆ ಹಾಕು. ಆ ನೆಲಾ ಬಿಟ್ಟಷ್ಟ ತಗೋಬೇಕು, ಹಟಾ ಮಾಡಬಾರದು," ಅಂದರು. ಹಟ ಮಾಡಬಾರದೆಂದು ಅವರ ಬಾಯಲ್ಲಿ ಕೇಳಿ ನಾನು ಗಟ್ಟಿಯಾಗಿ ನಕ್ಕೆ. ಅವರೂ ನಕ್ಕರು. ಮೆಂತ್ಯ ಹಾಕಿದೆ, ಚೆನ್ನಾಗಿ ಬಂತು.

ಅವರು ತೀರಿಕೊಂಡದ್ದು ಒಂದು ವಸಂತದಲ್ಲಿ, ಮೊಳಕೆ ಬರಿಸುವ ಹೊತ್ತಿನಲ್ಲಿ. ಹೃದಯದ ತೊಂದರೆ, ಹೆಚ್ಚು ನರಳಲಿಲ್ಲ. ನಾನು ವಿಮಾನ ಹಿಡಿದು ಹೋದೆ. ಮಣ್ಣು ಮಾಡುವ ಮೊದಲು ಶವಸಂಸ್ಕಾರದ ಸಭಾಂಗಣದಲ್ಲಿ ಎಲ್ಲರೂ ಸೇರಿದ್ದರು. ಇಲ್ಲಿಯ ಪದ್ಧತಿಯಂತೆ, ಸತ್ತವರ ಬಗ್ಗೆ ಮಾತಾಡುವವರು ಮುಂದೆ ಬಂದು ಮಾತಾಡಬಹುದು. ಕನ್ನಡ ಕೂಟದವರೊಬ್ಬರು ಅವರ ರೊಟ್ಟಿಯ ಬಗ್ಗೆ ಹೇಳಿದರು. ಎದುರು ಮನೆಯ ಸಮೋವನ್ ಮುದುಕರು ಒಂದು ಪ್ರಾರ್ಥನೆ ಹಾಡಿದರು. ನಾನು ಮಾತಾಡಬೇಕೆಂದು ಬಂದವಳಲ್ಲ. ಆದರೆ ಎಲ್ಲರೂ ಒಳ್ಳೆಯವರು, ಪ್ರೀತಿಯ ಅಜ್ಜಿ ಎಂದು ಹೇಳುತ್ತ ಹೋದಾಗ ನನಗೆ ತಡೆಯಲಾಗಲಿಲ್ಲ. ಕಾಕು ಬರೀ ಒಳ್ಳೆಯವರಲ್ಲ. ಅದನ್ನು ಹೇಳದೆ ಅವರನ್ನು ಮಣ್ಣಿಗೆ ಇಡಬಾರದು ಅನ್ನಿಸಿತು.

ಎದ್ದು ನಿಂತು ಎಲ್ಲ ಹೇಳಿದೆ. ಮಕ್ಕಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದೆ. ಪುಂಡಿ, ಪರದೆ, ಪೊಲೀಸರು, ನನ್ನ ಬೆಪ್ಪು ಉತ್ತರ. ಜನ ನಕ್ಕರು. ಅವರ ಕಾಗದ ಇನ್ನೂ ಬಂದಿರಲಿಲ್ಲ ಎಂದು ಹೇಳಿದಾಗ ನಗು ನಿಂತಿತು. ತಮ್ಮ ಹೆಸರನ್ನು ತಾವೇ ಅಕ್ಷರ ಅಕ್ಷರವಾಗಿ ಬರೆಸಿದರು ಎಂದೂ ಹೇಳಿದೆ. ಈ ದೇಶದಲ್ಲಿ ನಾನು ತಲೆಯೆತ್ತಿ ಬದುಕುವುದನ್ನು ಕಲಿತದ್ದು ಆ ಮಧ್ಯಾಹ್ನ, ಇವರಿಂದ, ಎಂದು ಮುಗಿಸಿದೆ. ಮಗನ ಕಡೆ ನೋಡುವ ಧೈರ್ಯ ಇರಲಿಲ್ಲ. ಅವರು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಪಕ್ಕದಲ್ಲಿದ್ದ ಮೊಮ್ಮಗಳು ಅಪ್ಪನ ತೋಳು ಹಿಡಿದು ಅಲುಗಿಸಿದಳು. ಅಷ್ಟು ಹೊತ್ತಿಗೆ ಅವಳು ಅಜ್ಜಿಯಷ್ಟೇ ಎತ್ತರ ಬೆಳೆದಿದ್ದಳು.

"ಅಪ್ಪಾ, ಡಿಡ್ ಅಜ್ಜಿ ರಿಯಲಿ ಡು ದ್ಯಾಟ್?"

ಅವರು ತಲೆಯೆತ್ತಿದರು. ಕಣ್ಣು ಒರೆಸಿಕೊಳ್ಳಲಿಲ್ಲ.

"ಹೂಂ," ಅಂದರು, ಹಿಂದಿನ ಸಾಲಿನವರೆಗೂ ಕೇಳುವಂತೆ. "ನಾ ಬ್ಯಾಡ ಅಂದಿದ್ದೆ. ಆಕಿ ಹೋದ್ಳು."